ಬಿಟ್ಟು ಮೇಯಿಸುವ ಮಸ್ಕೊವಿ ಬಾತುಗಳು ಹಿತ್ತಲಲ್ಲಿ ಏನೇನು ತಿನ್ನುತ್ತವೆ?

ಹಿತ್ತಲಬಾತು

ಎಲ್ಲರಿಗೂ ನಮಸ್ಕಾರ. ನಮ್ಮ ಹಿತ್ತಲಲ್ಲಿ ಮಸ್ಕೊವಿ ಬಾತುಗಳಿವೆ. ಒಂದು ಗಂಡು, ಉಳಿದವೆಲ್ಲ ಹೆಣ್ಣು. ಬೆಳಿಗ್ಗೆ ಗೂಡಿನ ಬಾಗಿಲು ತೆಗೆದ ಕೂಡಲೇ ಸೀದಾ ಹುಲ್ಲಿಗೆ ಇಳಿಯುತ್ತವೆ. ಹಾಕಿಟ್ಟ ಆಹಾರವನ್ನು ಮೂಸಿಯೂ ನೋಡುವುದಿಲ್ಲ. ಸಂಜೆ ಬಂದು ಒಂದಿಷ್ಟು ತಿಂದು ಮಲಗುತ್ತವೆ. ಮೈ ಇಳಿದ ಹಾಗೆ ಕಾಣುತ್ತಿಲ್ಲ, ಗರಿಯೂ ಚೆನ್ನಾಗಿ ಹೊಳೆಯುತ್ತಿದೆ.

ದಿನವಿಡೀ ಇವು ಏನು ತಿನ್ನುತ್ತವೆ? ಅಷ್ಟರಲ್ಲೇ ಹೊಟ್ಟೆ ತುಂಬುತ್ತಾ? ಹಾಕುವ ಆಹಾರ ಕಡಿಮೆ ಮಾಡಬಹುದಾ? ಜಾಗದಲ್ಲಿ ಹುಲ್ಲು, ಕೆಲವು ತರಕಾರಿ ಮಡಿ, ಗೊಬ್ಬರದ ಗುಂಡಿ, ಒಂದೆರಡು ಹಣ್ಣಿನ ಮರ ಇವೆ. ಹೊಂಡ ಇಲ್ಲ. ಟಬ್ಬಲ್ಲಿ ನೀರು ಇಡುತ್ತೇನೆ.

ಹಸಿರುಬೇಲಿ

ಮಸ್ಕೊವಿಯನ್ನು ಬೇರೆ ಬಾತುಗಳ ಲೆಕ್ಕದಲ್ಲಿ ನೋಡಬೇಡಿ. ಸಾಮಾನ್ಯವಾಗಿ ಸಾಕುವ ಬಾತುಗಳೆಲ್ಲ ಮಲ್ಲಾರ್ಡ್ ಅನ್ನುವ ಕಾಡುಬಾತಿನ ಸಂತತಿ. ಮಸ್ಕೊವಿಯ ಕುಲವೇ ಬೇರೆ. ಇದರ ತವರು ಮೆಕ್ಸಿಕೊದಿಂದ ದಕ್ಷಿಣ ಅಮೆರಿಕದವರೆಗಿನ ಕಾಡು, ನದಿ, ಜೌಗು ನೆಲ. ರಾತ್ರಿ ಮರದ ಕೊಂಬೆ ಮೇಲೆ ಕೂರುವ ಹಕ್ಕಿ ಇದು. ಕಾಲಿನ ಚೂಪು ಉಗುರು ನೋಡಿದರೇ ಗೊತ್ತಾಗುತ್ತದೆ. ನೀರಲ್ಲಿ ತಲೆ ಮುಳುಗಿಸಿ ಸೋಸಿ ತಿನ್ನುವುದಕ್ಕಿಂತ ನೆಲದ ಮೇಲೆ ಅಡ್ಡಾಡಿ ಮೇಯುವುದು, ಬೇಟೆ ಆಡುವುದು ಇದಕ್ಕೆ ಜಾಸ್ತಿ ಒಗ್ಗಿದೆ. ಹೊಂಡ ಇಲ್ಲದಿದ್ದರೂ ನಿಮ್ಮವು ಆರಾಮಾಗಿರುವುದು ಅದಕ್ಕೇ.

ತಿನ್ನುವುದರಲ್ಲಿ ದೊಡ್ಡ ಪಾಲು ಹುಲ್ಲು. ಅದರಲ್ಲೂ ಎಳೆಯ ತುದಿ. ಪಕ್ಕದಲ್ಲಿ ಕೂತು ನೋಡಿ. ಒಂದು ಎಸಳನ್ನು ಕೊಕ್ಕಿನ ಅಂಚಲ್ಲಿ ಕಚ್ಚಿ ಹಿಡಿದು ತಲೆಯನ್ನು ಚಟ್ಟನೆ ಹಿಂದಕ್ಕೆ ಎಳೆಯುತ್ತದೆ, ತುದಿ ಹರಿದು ಬರುತ್ತದೆ. ಒಂದು ಕಡೆ ನಿಂತು ಮೇಯುವುದಿಲ್ಲ. ಎರಡು ಹೆಜ್ಜೆ, ಒಂದು ಕಚ್ಚು, ಮತ್ತೆ ಎರಡು ಹೆಜ್ಜೆ. ಹುಲ್ಲು ತೆನೆ ಬಿಟ್ಟಿದ್ದರೆ ಕಡ್ಡಿಯನ್ನು ಕೊಕ್ಕಲ್ಲಿ ಹಿಡಿದು ತುದಿವರೆಗೆ ಎಳೆದು ಬೀಜ ಉದುರಿಸಿಕೊಂಡು ತಿನ್ನುತ್ತದೆ. ಕ್ಲೋವರ್, ಗೋಣಿಸೊಪ್ಪು, ದಂಡೇಲಿಯನ್ ಎಲೆ ಸಿಕ್ಕರೆ ಹುಲ್ಲನ್ನೂ ಬಿಟ್ಟು ಅದಕ್ಕೆ ಹೋಗುತ್ತದೆ. ಕೆಳಗೆ ಬಿದ್ದ ಹಣ್ಣನ್ನೂ ಬಿಡುವುದಿಲ್ಲ, ಕೊಳೆಯಲು ಶುರುವಾದ ಹಣ್ಣಲ್ಲಿ ಹುಳು ಬೇರೆ ಸಿಗುತ್ತದಲ್ಲ!

ಇನ್ನು ಮಾಂಸದ ಪಾಲು. ಮಿಡತೆ, ಚಿಮ್ಮುಂಡೆ, ಜೇಡ, ಜಿರಳೆ, ಗೆದ್ದಲು, ಬಸವನಹುಳು, ಸಿಂಬಳದ ಹುಳು, ಎರೆಹುಳು, ಗೊಬ್ಬರದ ಗುಂಡಿಯ ದಪ್ಪ ಬಿಳಿ ಹುಳು. ಮಳೆ ಬಂದು ನಿಂತ ಮೇಲೆ ನೋಡಬೇಕು ನೀವು. ಒದ್ದೆ ಮಣ್ಣಿಗೆ ಕೊಕ್ಕನ್ನು ಹೊಲಿಗೆ ಯಂತ್ರದ ಸೂಜಿಯ ಹಾಗೆ ಇಳಿಸಿ ಎತ್ತಿ ಇಳಿಸಿ ಎತ್ತಿ ಎರೆಹುಳು ಹುಡುಕುತ್ತವೆ. ಅವು ಹೋದ ಮೇಲೆ ನೆಲದ ತುಂಬ ಬೆರಳು ಗಾತ್ರದ ತೂತು. ದೊಡ್ಡ ಬಾತುಗಳು ಗೊದಮೊಟ್ಟೆ, ಚಿಕ್ಕ ಕಪ್ಪೆ, ಹಲ್ಲಿ, ಕಣ್ಣು ಬಿಡದ ಇಲಿಮರಿ ಕೂಡ ನುಂಗುತ್ತವೆ. ನೋಡಿದರೆ ಹೆದರಬೇಡಿ, ಅದು ಅವುಗಳ ಸಹಜ ಆಹಾರ.

ಕೊಟ್ಟಿಗೆಮನೆ

ನೊಣದ ವಿಷಯ ಬಿಟ್ಟುಬಿಟ್ಟಿರಲ್ಲ ಹಸಿರುಬೇಲಿ ಅಣ್ಣ! ನಾವು ಮಸ್ಕೊವಿ ಸಾಕಲು ಶುರು ಮಾಡಿದ್ದೇ ದನದ ಕೊಟ್ಟಿಗೆಯ ನೊಣಕ್ಕೆ.

ಇವು ನೊಣ ಹಿಡಿಯುವುದು ನೋಡುವುದಕ್ಕೇ ಚೆಂದ. ಮೊದಲು ಮೈಯನ್ನು ತಗ್ಗಿಸುತ್ತದೆ. ಕತ್ತು ನೇರ ಮುಂದಕ್ಕೆ, ನೆಲಕ್ಕೆ ಸಮವಾಗಿ. ಒಂದೊಂದೇ ಹೆಜ್ಜೆ, ಸದ್ದೇ ಇಲ್ಲ. ನೊಣ ಗೋಡೆ ಮೇಲೋ ಕರುವಿನ ಕಾಲ ಮೇಲೋ ಕೂತಿದ್ದರೆ ಒಂದು ಗೇಣು ದೂರದಲ್ಲಿ ನಿಲ್ಲುತ್ತದೆ. ಆಮೇಲೆ ಟಪ್ ಅಂತ ಒಂದು ಸದ್ದು, ನೊಣ ಮಾಯ. ಮಲಗಿದ ಹಸುವಿನ ಮೈಮೇಲಿನ ನೊಣವನ್ನೂ ತೆಗೆಯುತ್ತವೆ. ಹಸು ಅಲ್ಲಾಡುವುದೂ ಇಲ್ಲ.

ಕೆನಡಾದ ಒಂಟಾರಿಯೊದಲ್ಲಿ ಇದನ್ನು ಪರೀಕ್ಷೆಯನ್ನೇ ಮಾಡಿ ನೋಡಿದ್ದಾರೆ. ಮನೆನೊಣದ ಹತೋಟಿಗೆ ಮಸ್ಕೊವಿ ಬಾತು ಒಳ್ಳೆಯ ಸಹಾಯ ಅಂತ 1990ರಲ್ಲಿ ಪ್ರಕಟಿಸಿದರು. ಆದರೆ ಸಗಣಿ ಬಾಚದೆ ಬಾತು ಬಿಟ್ಟರೆ ಏನೂ ಆಗದು. ನೊಣ ಹುಟ್ಟುವ ಜಾಗ ಸ್ವಚ್ಛ ಇರಬೇಕು, ಉಳಿದದ್ದನ್ನು ಬಾತು ನೋಡಿಕೊಳ್ಳುತ್ತದೆ. ನಿಂತ ನೀರಿನ ಸೊಳ್ಳೆ ಮರಿಗಳನ್ನೂ ಸೋಸಿ ತಿನ್ನುತ್ತವೆ. ಅದರಲ್ಲಿ ಚಿಕ್ಕ ಮರಿಗಳೇ ಮುಂದು.

ಬಯಲುಗಾಳಿ

ನನ್ನ ಅನುಭವದಲ್ಲಿ ಮಸ್ಕೊವಿಗೆ ಆಹಾರ ಹಾಕುವುದೇ ದಂಡ. ಜಾಗ ದೊಡ್ಡದಿದ್ದರೆ ಅವೇ ಹುಡುಕಿಕೊಳ್ಳುತ್ತವೆ. ಕಾಡಲ್ಲಿ ಯಾರು ಪಾತ್ರೆ ಹಿಡಿದು ನಿಂತಿರುತ್ತಾರೆ? ಹಾಕುತ್ತಾ ಹೋದರೆ ಸೋಮಾರಿ ಆಗುತ್ತವೆ. ನಾನು ಎರಡು ಹಿಡಿ ಮೆಕ್ಕೆಜೋಳ ಬಿಟ್ಟರೆ ಏನೂ ಕೊಡುವುದಿಲ್ಲ.

ಹಸಿರುಬೇಲಿ

ಬಯಲುಗಾಳಿಯವರೇ, ನಿಮ್ಮ ಜಾಗಕ್ಕೆ ಅದು ಸರಿ ಇರಬಹುದು. ಎಲ್ಲರಿಗೂ ಅದೇ ಮಾತು ಹೇಳಲು ನನಗೆ ಧೈರ್ಯ ಬರುವುದಿಲ್ಲ.

ಕಾಡು ಮಸ್ಕೊವಿಗೆ ಬೇಲಿ ಇಲ್ಲ. ಒಂದು ಕಡೆ ಮುಗಿದರೆ ಹಾರಿ ಇನ್ನೊಂದು ಕಡೆ ಹೋಗುತ್ತದೆ. ಹಿತ್ತಲ ಬಾತಿಗೆ ಆ ದಾರಿ ಇಲ್ಲ. ಮೊದಲ ಕೆಲವು ವಾರ ಹುಳುಹುಪ್ಪಟೆ ಸಮೃದ್ಧಿ, ಆಮೇಲೆ ಅವೇ ಅದನ್ನೆಲ್ಲ ಮುಗಿಸಿರುತ್ತವೆ. ಉಳಿಯುವುದು ಹುಲ್ಲು. ಎಳೆಹುಲ್ಲಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ನೀರೇ ಇರುತ್ತದೆ. ಹಸುವಿನ ಹಾಗೆ ನಾರನ್ನು ಕೊಳೆಸಿ ಜೀರ್ಣಿಸುವ ಹೊಟ್ಟೆ ಬಾತಿಗಿಲ್ಲ. ಹುಲ್ಲು ಬೇಗ ಒಳಗೆ ಹೋಗಿ ಬೇಗ ಹೊರಗೆ ಬರುತ್ತದೆ. ಹುಲ್ಲಿನಿಂದ ವಿಟಮಿನ್ ಸಿಗುತ್ತದೆ, ಮೊಟ್ಟೆಯ ಹಳದಿಗೆ ಒಳ್ಳೆ ಬಣ್ಣ ಬರುತ್ತದೆ. ಆದರೆ ಅಷ್ಟರಲ್ಲೇ ಮೈ ತುಂಬುವುದಿಲ್ಲ.

ಇದನ್ನು ಊಹೆ ಮೇಲೆ ಬಿಡಬೇಕಿಲ್ಲ, ಕೈಯಲ್ಲೇ ಮುಟ್ಟಿ ನೋಡಬಹುದು. ಬಾತಿಗೆ ಕೋಳಿಯ ಹಾಗೆ ಸರಿಯಾದ ಕೊರಳಚೀಲ ಇರುವುದಿಲ್ಲ. ಅನ್ನನಾಳವೇ ಕತ್ತಿನ ಬುಡದಲ್ಲಿ ಹಿಗ್ಗಿ ಆಹಾರ ಹಿಡಿದಿಟ್ಟುಕೊಳ್ಳುತ್ತದೆ. ಸಂಜೆ ಗೂಡಿಗೆ ಬರುವಾಗ ಕತ್ತಿನ ಬುಡ ಮೆಲ್ಲಗೆ ಮುಟ್ಟಿ. ಉಬ್ಬಿ ಮೆತ್ತಗಿದ್ದರೆ ಆ ದಿನ ನೆಲ ಚೆನ್ನಾಗಿ ಕೊಟ್ಟಿದೆ. ಸಪಾಟಾಗಿದ್ದರೆ ಖಾಲಿ ಹೊಟ್ಟೆಯಲ್ಲಿ ಬಂದಿದೆ. ಜೊತೆಗೆ ಎದೆಮೂಳೆ ನೋಡಿ. ಮೂಳೆಯ ಎರಡೂ ಕಡೆ ಮಾಂಸ ತುಂಬಿರಬೇಕು. ಮೂಳೆ ಚೂಪಾಗಿ ಕೈಗೆ ಚುಚ್ಚಿದರೆ ಗರಿ ಎಷ್ಟೇ ಹೊಳೆದರೂ ಬಾತು ಸೊರಗುತ್ತಿದೆ ಎಂದೇ ಅರ್ಥ. ಗರಿಯ ದಪ್ಪದಲ್ಲಿ ಇದೆಲ್ಲ ಮುಚ್ಚಿಹೋಗುತ್ತದೆ. ಅದಕ್ಕೇ ಕಣ್ಣಳತೆ ನಂಬಬೇಡಿ ಅಂತೀನಿ.

ಹಿತ್ತಲಬಾತು ಅವರಿಗೆ ನನ್ನ ಸಲಹೆ: ಬೆಳಿಗ್ಗೆಯ ಪಾತ್ರೆ ತೆಗೆದುಬಿಡಿ, ಹಸಿದೇ ಹೊರಗೆ ಹೋಗಲಿ. ಸಂಜೆ ಬಾತಿಗೆ ಸರಿಹೊಂದುವ ಪೂರ್ಣ ಆಹಾರವನ್ನು ಸಾಕೆನಿಸುವಷ್ಟು ಇಡಿ. ಅದರ ಆಸೆಗೆ ಕತ್ತಲಾಗುವ ಮೊದಲೇ ತಾವಾಗಿ ಗೂಡಿಗೆ ಬರುತ್ತವೆ. ನೆಲ ಒಣಗಿದ ಕಾಲದಲ್ಲಿ ಪಾತ್ರೆ ಬೇಗ ಖಾಲಿಯಾಗುತ್ತದೆ, ಮಳೆಗಾಲದಲ್ಲಿ ಉಳಿಯುತ್ತದೆ. ಎಷ್ಟು ಬೇಕು ಅನ್ನುವುದನ್ನು ಆ ಪಾತ್ರೆ ನೋಡಿಯೇ ಲೆಕ್ಕ ಹಾಕಿ. ಮೊಟ್ಟೆ ಇಡುವ ಕಾಲದಲ್ಲಿ ಮಾತ್ರ ಬೆಳಿಗ್ಗೆಯೂ ಕೊಡಿ.

ಬಯಲುಗಾಳಿ

ಕತ್ತಿನ ಬುಡ ಮುಟ್ಟಿ ನೋಡುವುದು ಒಳ್ಳೆಯ ಉಪಾಯ. ನೋಡುತ್ತೇನೆ. ನನ್ನದು ಹೊಳೆದಂಡೆಯ ದೊಡ್ಡ ಜಾಗ, ವರ್ಷವಿಡೀ ಹಸಿ ಇರುತ್ತದೆ. ಚಿಕ್ಕ ಹಿತ್ತಲಿಗೂ ಅದೇ ಲೆಕ್ಕ ಹಿಡಿಯುವುದು ಸರಿಯಲ್ಲ, ಒಪ್ಪಿದೆ.

ಮರಿಗುಂಪು

ಒಂದು ಸಹಾಯ ಬೇಕಿತ್ತು. ನಮ್ಮ ಮಸ್ಕೊವಿ ಮರಿಗಳಿಗೆ ಈಗ ಮೂರನೇ ವಾರ. ಇನ್‌ಕ್ಯುಬೇಟರ್‌ನಲ್ಲಿ ಒಡೆಸಿದ್ದು, ತಾಯಿ ಇಲ್ಲ. ಹೊರಗೆ ಬಿಟ್ಟರೆ ಹುಲ್ಲು ಕಚ್ಚುತ್ತವೆ, ನೊಣದ ಹಿಂದೆ ಓಡುತ್ತವೆ. ಒಳಗೆ ನುಚ್ಚು ಮಾಡಿದ ಮೆಕ್ಕೆಜೋಳ ಕೊಡುತ್ತಿದ್ದೇವೆ. ಎರಡು ಮರಿಗಳ ಕಾಲು ಸೊಟ್ಟ ಆಗುತ್ತಿದೆ, ಓಡುವಾಗ ಮುಗ್ಗರಿಸುತ್ತವೆ. ಏನು ಮಾಡಲಿ?

ಹಕ್ಕಿವೈದ್ಯ

ಇದಕ್ಕೆ ತಡ ಮಾಡಬೇಡಿ ಮೇಡಂ. ನೀವು ಹೇಳಿದ್ದು ನೋಡಿದರೆ ಮೊದಲು ಅನುಮಾನ ಬರುವುದು ನಯಾಸಿನ್ ಕೊರತೆ ಮೇಲೆ, ಅಂದರೆ ಬಿ3 ವಿಟಮಿನ್. ಬಾತುಮರಿಗೆ ಇದು ಕೋಳಿಮರಿಗಿಂತ ಜಾಸ್ತಿ ಬೇಕು. ಒಂದು ಕೆಜಿ ಆಹಾರದಲ್ಲಿ ಸುಮಾರು 55 ಮಿಲಿಗ್ರಾಂ ಇರಬೇಕು. ಮೆಕ್ಕೆಜೋಳದಲ್ಲಿ ಇರುವ ನಯಾಸಿನ್ ಕೂಡ ಮೈಗೆ ಸುಲಭವಾಗಿ ಸಿಗದ ರೂಪದಲ್ಲಿದೆ. ಬರೀ ಮೆಕ್ಕೆಜೋಳದ ಮೇಲೆ ಬೆಳೆದ ಮರಿಗಳಿಗೆ ಹೀಗೆ ಕಾಲು ಸೊಟ್ಟ ಆಗುವುದು, ಕಾಲಿನ ನಡುವೆ ಮೊಣಕಾಲಿನ ಹಾಗೆ ಕಾಣುವ ಆ ಕೀಲು ಊದುವುದು ಮಾಮೂಲು.

ಬಾತುಮರಿಯ ಸ್ಟಾರ್ಟರ್ ಆಹಾರಕ್ಕೆ, ಅಂದರೆ ಎಳೆ ಮರಿಗಳಿಗೆಂದೇ ಮಾಡಿದ ಆಹಾರಕ್ಕೆ, ಇವತ್ತೇ ಬದಲಾಯಿಸಿ. ಪ್ರೊಟೀನ್ 20ರಿಂದ 22% ಇರುವುದು ಸಾಕು. ಬಾತಿನದು ಸಿಗದಿದ್ದರೆ ಔಷಧಿ ಸೇರಿಸದ ಕೋಳಿಮರಿ ಸ್ಟಾರ್ಟರ್ ತಂದು ನಯಾಸಿನ್ ಇರುವ ಬ್ರೂವರ್ಸ್ ಯೀಸ್ಟ್ ಪುಡಿ ಬೆರೆಸಿ. ಕಾಲು ಬಾಗಿದ ಆ ಎರಡು ಮರಿಗಳನ್ನು ಹತ್ತಿರದ ಪಶುವೈದ್ಯರಿಗೆ ತೋರಿಸಿ. ಬೇಗ ಶುರು ಮಾಡಿದರೆ ಸುಧಾರಿಸುವ ಸಾಧ್ಯತೆ ಚೆನ್ನಾಗಿರುತ್ತದೆ. ಮೂಳೆ ಗಟ್ಟಿಯಾದ ಮೇಲೆ ಕಷ್ಟ.

ಹೊರಗೆ ಬಿಡುವುದನ್ನು ನಿಲ್ಲಿಸಬೇಡಿ. ತಾಯಿ ಇದ್ದಿದ್ದರೆ ಮೊದಲ ದಿನಗಳಲ್ಲೇ ಮರಿಗಳನ್ನು ಹುಳು ಇರುವ ಕಡೆ ಕರೆದುಕೊಂಡು ಹೋಗುತ್ತಿತ್ತು. ಹಕ್ಕಿಗಳಲ್ಲಿ ಕೆಲವು ಬಾಯಿಗೆ ತುತ್ತು ಇಡುತ್ತವೆ, ಬಾತು ಹಾಗೆ ಮಾಡುವುದಿಲ್ಲ. ಮರಿ ತಾನೇ ಕಚ್ಚಿ ತಿನ್ನಬೇಕು. ಚಿಕ್ಕ ಹುಳುಗಳಲ್ಲಿ ಪ್ರೊಟೀನೂ ಇದೆ, ಬಿ ವಿಟಮಿನ್‌ಗಳೂ ಇವೆ. ಹಾಗಂತ ಪ್ರೊಟೀನ್ ವಿಪರೀತ ಮಾಡಲೂಬಾರದು. ಮೂರು ವಾರ ಕಳೆದ ಮೇಲೆ ನಿಧಾನವಾಗಿ ಸುಮಾರು 16%ಗೆ ಇಳಿಸಿ. ಮೈ ಬೇಗ ಬೇಗ ಬೆಳೆದರೆ ರೆಕ್ಕೆಯ ಗರಿಯ ಭಾರಕ್ಕೆ ಮಣಿಕಟ್ಟು ಹೊರಕ್ಕೆ ತಿರುಚಿಕೊಳ್ಳುತ್ತದೆ. ಏಂಜೆಲ್ ವಿಂಗ್ ಅಂತಾರೆ. ಬ್ರೆಡ್ ತಿನ್ನಿಸಿ ಬೆಳೆಸಿದ ಬಾತುಗಳಲ್ಲೂ ಇದನ್ನು ಕಾಣುತ್ತೇವೆ.

ಮರಿಗುಂಪು

ತುಂಬಾ ಉಪಕಾರ ಆಯಿತು ಡಾಕ್ಟ್ರೇ. ಈಗಲೇ ಯೀಸ್ಟ್ ತರಲು ಹೊರಟೆ. ಮರಿಗಳನ್ನು ನಾಳೆ ಬೆಳಿಗ್ಗೆ ತೋರಿಸುತ್ತೇನೆ.

ತರಕಾರಿಮಡಿ

ಹಿತ್ತಲಬಾತು, ಮಡಿ ಇದೆ ಅಂದಿರಿ. ಎಳೆಯ ಸಸಿ ಇದ್ದರೆ ಬೇಲಿ ಹಾಕದೆ ಬಿಡಬೇಡಿ. ಬಾತು ಕೋಳಿಯ ಹಾಗೆ ಕೆದಕುವುದಿಲ್ಲ ಅನ್ನುವುದು ನಿಜ, ಬೇರು ಕಿತ್ತು ಎಸೆಯುವುದಿಲ್ಲ. ಆದರೆ ಮಸ್ಕೊವಿಗೆ ಲೆಟಿಸ್, ಎಲೆಕೋಸು, ಬಟಾಣಿ ಬಳ್ಳಿಯ ಕುಡಿ ಅಂದರೆ ಪ್ರಾಣ. ಭಾರದ ಹಕ್ಕಿ ಬೇರೆ. ಗಂಡು ಐದಾರು ಕೆಜಿ ತೂಗುತ್ತದೆ, ಆ ಅಗಲ ಪಾದದ ಕೆಳಗೆ ಸಸಿ ನೆಲಕಚ್ಚುತ್ತದೆ.

ನಾವು ಮಾಡುವುದು ಹೀಗೆ: ಬಿತ್ತುವ ಮೊದಲು ಮಡಿಗೆ ಬಿಡುತ್ತೇವೆ. ಮಣ್ಣು ಅಗೆದು ತಿರುವಿದಾಗ ಮೇಲೆ ಬಂದ ಹುಳು, ಗೂಡುಕಟ್ಟಿದ ಪ್ಯೂಪಾ, ಬಸವನಹುಳುವಿನ ಮೊಟ್ಟೆ ಎಲ್ಲ ಸಾಫ್. ಬಿತ್ತಿದ ಮೇಲೆ ಪ್ರವೇಶ ಇಲ್ಲ. ಗಿಡ ಮೊಣಕಾಲೆತ್ತರ ಬಂದು ಕಾಂಡ ಗಟ್ಟಿಯಾದ ಮೇಲೆ ಸಂಜೆ ಹೊತ್ತು ಸ್ವಲ್ಪ ಸಮಯ, ನಾವು ಪಕ್ಕದಲ್ಲೇ ಇದ್ದು ಬಿಡುತ್ತೇವೆ. ಸಿಂಬಳದ ಹುಳು ಹೊರಗೆ ಬರುವುದೇ ಆ ಹೊತ್ತಿಗೆ. ಟೊಮೆಟೊ ಹಣ್ಣಾಗಿದ್ದರೆ ಕೆಳಗಿನ ಸಾಲು ನಿಮ್ಮದಲ್ಲ ಅಂದುಕೊಳ್ಳಿ.

ಹಿತ್ತಲಬಾತು

ಎಷ್ಟೊಂದು ವಿಷಯ ತಿಳಿಯಿತು! ನಿನ್ನೆ ಸಂಜೆ ಕತ್ತಿನ ಬುಡ ಮುಟ್ಟಿ ನೋಡಿದೆ. ಎಲ್ಲವಕ್ಕೂ ತುಂಬಿತ್ತು, ಒಂದು ಹೆಣ್ಣಿಗೆ ಮಾತ್ರ ಸಪಾಟು. ಅದು ಗುಂಪಲ್ಲಿ ಹಿಂದೆ ಉಳಿಯುವ ಬಾತು. ಅದಕ್ಕೆ ಬೇರೆ ಪಾತ್ರೆ ಇಟ್ಟೆ.

ಇನ್ನೆರಡು ಪ್ರಶ್ನೆ. ಮರಳು, ಸಣ್ಣ ಕಲ್ಲು ನುಂಗುವುದನ್ನು ನೋಡಿದೆ, ಪರವಾಗಿಲ್ವಾ? ಮತ್ತೆ, ತಿನ್ನಬಾರದ್ದನ್ನು ಅವೇ ಗುರುತಿಸಿ ಬಿಡುತ್ತವಾ?

ಹಕ್ಕಿವೈದ್ಯ

ಕಲ್ಲು ನುಂಗಲೇಬೇಕು. ಹಲ್ಲಿಲ್ಲದ ಹಕ್ಕಿ, ಕಾಳು ಹುಲ್ಲನ್ನೆಲ್ಲ ಹೊಟ್ಟೆಯ ದಪ್ಪ ಸ್ನಾಯುವಿನ ಚೀಲದಲ್ಲಿ ಅರೆಯುತ್ತದೆ. ಅರೆಯಲು ಕಲ್ಲು ಬೇಕು. ಹೊರಗೆ ಮೇಯುವ ಬಾತಿಗೆ ಸಾಮಾನ್ಯವಾಗಿ ನೆಲದಲ್ಲೇ ಸಿಗುತ್ತದೆ. ನೆಲ ಬರೀ ಜೇಡಿಯಾಗಿದ್ದರೆ ದಪ್ಪ ಮರಳು ಒಂದು ಬಟ್ಟಲಲ್ಲಿ ಇಡಿ. ಬಸವನಹುಳುವನ್ನು ಚಿಪ್ಪಿನ ಸಮೇತ ನುಂಗುತ್ತವೆ, ಅದೂ ಅಲ್ಲೇ ಪುಡಿಯಾಗುತ್ತದೆ. ಮೊಟ್ಟೆ ಇಡುವ ಹೆಣ್ಣಿಗೆ ಆ ಚಿಪ್ಪಿನ ಸುಣ್ಣ ಉಪಯೋಗವೇ. ಆದರೂ ಕಪ್ಪೆಚಿಪ್ಪಿನ ಚೂರು ಬೇರೆ ಬಟ್ಟಲಲ್ಲಿ ಇರಲಿ. ಆಹಾರಕ್ಕೆ ಬೆರೆಸಬೇಡಿ, ಮರಿಗೂ ಗಂಡಿಗೂ ಅಷ್ಟು ಸುಣ್ಣ ಬೇಡ.

ಎರಡನೇ ಪ್ರಶ್ನೆಗೆ ನಿಧಾನವಾಗಿ ಉತ್ತರ ಕೊಡುತ್ತೇನೆ, ಯಾಕೆಂದರೆ ಬಾತುಗಳು ಸಾಯುವುದು ಇಲ್ಲೇ. ಕಹಿ ಗಿಡಗಳನ್ನು ಹೆಚ್ಚಿನ ಬಾತುಗಳು ಕಚ್ಚಿ ಉಗುಳುತ್ತವೆ, ಬೇರೆ ಮೇವು ಇರುವವರೆಗೆ. ಹಸಿವಾದಾಗ ಆ ಜಾಣತನ ನಂಬಬೇಡಿ. ಕಣಗಿಲೆ, ಹರಳು ಗಿಡ, ಹಸಿರುಗಟ್ಟಿದ ಆಲೂಗಡ್ಡೆ, ಆಲೂ ಟೊಮೆಟೊ ಗಿಡದ ಎಲೆ ಹತ್ತಿರ ಬಿಡಬೇಡಿ. ಬೆಣ್ಣೆಹಣ್ಣು ಕೂಡ ಬೇಡ. ಅದರಲ್ಲಿರುವ ಪರ್ಸಿನ್ ಹಕ್ಕಿಗಳ ಹೃದಯಕ್ಕೆ ಕೆಟ್ಟದ್ದು.

ಗಿಡಕ್ಕಿಂತ ದೊಡ್ಡ ಅಪಾಯ ಸತ್ತ ಪ್ರಾಣಿ. ಬೇಲಿ ಮೂಲೆಯಲ್ಲಿ ಇಲಿಯೋ ಹಕ್ಕಿಯೋ ಸತ್ತು ಕೊಳೆಯುತ್ತಿದ್ದರೆ ಅದರಲ್ಲಿ ಬಾಟುಲಿಸಂ ವಿಷ ಹುಟ್ಟಬಹುದು. ಅಲ್ಲಿನ ಹುಳುಗಳಿಗೆ ಆ ವಿಷದಿಂದ ಏನೂ ಆಗುವುದಿಲ್ಲ, ಆದರೆ ಮೈತುಂಬ ಅದನ್ನು ಹೊತ್ತಿರುತ್ತವೆ. ಬಾತು ಆ ಹುಳುಗಳನ್ನು ತಿಂದರೆ ಮೊದಲು ಕಾಲಲ್ಲಿ ಬಲ ಹೋಗುತ್ತದೆ, ಆಮೇಲೆ ರೆಕ್ಕೆ ಜೋತುಬೀಳುತ್ತದೆ, ಕೊನೆಗೆ ಕತ್ತು ಎತ್ತಲಾಗದೆ ನೆಲಕ್ಕೆ ಬೀಳುತ್ತದೆ. ಟಬ್ಬಲ್ಲಿದ್ದರೆ ಅಲ್ಲೇ ಮುಳುಗುತ್ತದೆ. ಬೇಸಿಗೆಯಲ್ಲಿ ಕೊಳೆತು ನಿಂತ ಬೆಚ್ಚಗಿನ ನೀರೂ ಇದಕ್ಕೆ ಜಾಗ. ದಿನಾ ಒಂದು ಸುತ್ತು ಬೇಲಿ ಸುತ್ತಿ ಬನ್ನಿ. ಸತ್ತದ್ದು ಕಂಡರೆ ಆಳಕ್ಕೆ ಹೂತುಬಿಡಿ.

ವಿಷ ಹಾಕಿದ ಇಲಿಯನ್ನು ಬಾತು ನುಂಗಿದರೆ ಇಲಿಪಾಷಾಣ ಬಾತಿಗೂ ತಗಲುತ್ತದೆ. ಬಸವನಹುಳುವಿಗೆ ಹಾಕುವ ಮೆಟಾಲ್ಡಿಹೈಡ್ ಗುಳಿಗೆಗಳೂ ಹಾಗೇ. ಬಾತು ಸಾಕಿದ ಮೇಲೆ ಈ ಎರಡೂ ಹಿತ್ತಲಲ್ಲಿ ಇರಲೇಬಾರದು. ಮೊಳೆ, ತಂತಿ ಚೂರು, ಸ್ಟೇಪ್ಲರ್ ಪಿನ್ ಹೊಳೆಯುವುದು ಕಂಡರೆ ನುಂಗಿಬಿಡುತ್ತವೆ. ಬೇಲಿ ಕೆಲಸ ಮುಗಿದ ಮೇಲೆ ಅಯಸ್ಕಾಂತ ಹಿಡಿದು ನೆಲ ಸವರಿ.

ಇನ್ನು ಬೂಸ್ಟು. ಬೂಸ್ಟು ಹಿಡಿದ ಕಾಳು, ಕಡಲೆಕಾಯಿ ಹಿಂಡಿ ಬಾತಿಗೆ ಸುಮ್ನೆ ಹಾಕಿ ಮುಗಿಸೋಣ ಅನ್ನುವವರಿದ್ದಾರೆ. ಆ ಬೂಸ್ಟಿನಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ವಿಷಕ್ಕೆ ಬಾತುಮರಿಯಷ್ಟು ಬೇಗ ಬಲಿಯಾಗುವ ಸಾಕುಪ್ರಾಣಿ ಕಡಿಮೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಸ್ಟು ಹಿಡಿದ ಕಡಲೆಕಾಯಿ ಹಿಂಡಿ ತಿಂದು 1 ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು, ಬಾತುಮರಿಗಳೂ ಸತ್ತವು. ಈ ವಿಷ ಪತ್ತೆಯಾದದ್ದೇ ಆ ಘಟನೆಯಿಂದ. ಮುಂದೆ ಅದನ್ನು ಪರೀಕ್ಷಿಸಲು ಬಾತುಮರಿಗಳನ್ನೇ ಬಳಸಿದರು.

ಕೊಟ್ಟಿಗೆಮನೆ

ಇದಕ್ಕೆ ಒಂದು ಸೇರಿಸುತ್ತೇನೆ. ಕತ್ತರಿಸಿದ ಉದ್ದ ಹುಲ್ಲನ್ನು ರಾಶಿ ಹಾಕಬೇಡಿ. ನಿಂತ ಹುಲ್ಲಾದರೆ ತುದಿ ಮಾತ್ರ ಹರಿದು ತಿನ್ನುತ್ತವೆ. ಕತ್ತರಿಸಿ ಹಾಕಿದರೆ ಉದ್ದುದ್ದ ನಾರು ಹಾಗೇ ಒಳಗೆ ಹೋಗಿ ಗಂಟಾಗುತ್ತದೆ. ಬೇಕಾದರೆ ಬೆರಳುದ್ದಕ್ಕೆ ಚಿಕ್ಕದಾಗಿ ಕತ್ತರಿಸಿ ಹಾಕಿ. ನೀರು ಮಾತ್ರ ಯಾವಾಗಲೂ ಪಕ್ಕದಲ್ಲೇ ಇರಲಿ. ಎರಡು ಕಚ್ಚು ತಿಂದು ಒಂದು ಗುಟುಕು ಕುಡಿಯುವುದು ಇವುಗಳ ಕ್ರಮ. ಕೊಕ್ಕು ಮೂಗಿನ ತೂತಿನವರೆಗೆ ಮುಳುಗುವಷ್ಟು ಆಳ ಬೇಕು, ಇಲ್ಲದಿದ್ದರೆ ಕೆಸರು ಕಟ್ಟಿಕೊಳ್ಳುತ್ತದೆ.

ಕೆರೆದಂಡೆ

ಹುಳು ಮುಗಿದು ನೆಲ ಒಣಗುವ ಕಾಲಕ್ಕೆ ನಾನು ಅಜೋಲಾ ಬೆಳೆಸುತ್ತೇನೆ, ನೀರಿನ ಮೇಲೆ ತೇಲುವ ಚಿಕ್ಕ ಹಸಿರು ಗಿಡ ಅದು. ನೆರಳಿರುವ ಕಡೆ ಒಂದು ಆಳವಿಲ್ಲದ ತೊಟ್ಟಿ, ಸ್ವಲ್ಪ ಮಣ್ಣು, ಸ್ವಲ್ಪ ಸಗಣಿ ನೀರು, ಅಷ್ಟೇ. ಒಣತೂಕದಲ್ಲಿ 20%ಗಿಂತ ಜಾಸ್ತಿ ಪ್ರೊಟೀನ್ ಇರುತ್ತದೆ. ಹಸಿಯಾಗಿ ಕೊಡುವಾಗ ಬಹುಪಾಲು ನೀರೇ, ಹಾಗಾಗಿ ಇದನ್ನು ಮೇಲೊಗರ ಅಂತಲೇ ಇಟ್ಟುಕೊಳ್ಳಿ. ತೊಟ್ಟಿಗೆ ಬಲೆ ಮುಚ್ಚದಿದ್ದರೆ ಒಂದೇ ಬೆಳಗಲ್ಲಿ ಬೇರು ಸಮೇತ ಖಾಲಿ ಮಾಡುತ್ತವೆ. ಸಗಣಿ ನೀರಿನಲ್ಲಿ ಬೆಳೆದದ್ದಾದ್ದರಿಂದ ಜಾಲರಿಯಲ್ಲಿ ಹಾಕಿ ಒಳ್ಳೆ ನೀರಲ್ಲಿ ತೊಳೆದು ಕೊಡಿ.

ರಾತ್ರಿ ಗೂಡಿನ ಹತ್ತಿರ ಒಂದು ದೀಪ ಹೊತ್ತಿಸಿಟ್ಟರೆ ಹುಳು ತಾವಾಗಿ ಬರುತ್ತವೆ. ಈಸಲು ಹುಳು ಏಳುವ ಮಳೆಸಂಜೆಗಳಲ್ಲಂತೂ ಬಾತುಗಳು ದೀಪದ ಕೆಳಗಿಂದ ಕದಲುವುದೇ ಇಲ್ಲ. ಬೇಲಿ ಭದ್ರ ಇದ್ದರೆ ಮಾತ್ರ ಇದನ್ನು ಮಾಡಿ, ನರಿ ನಾಯಿ ಬರುವುದೂ ಅದೇ ಹೊತ್ತಿಗೆ.

ಹಿತ್ತಲಬಾತು

ಡಾಕ್ಟ್ರು ಹೇಳಿದ ಮೇಲೆ ಬೇಲಿ ಸುತ್ತಿ ಬಂದೆ. ಹಳೆ ತಂತಿಯ ಚೂರುಗಳನ್ನು ಆರಿಸಿ ತೆಗೆದೆ. ಕಣಗಿಲೆ ಗಿಡಕ್ಕೆ ಸುತ್ತ ಬಲೆ ಕಟ್ಟಿದೆ.

ಇನ್ನೊಂದು ಕೇಳಿಬಿಡುತ್ತೇನೆ. ಒಂದು ಹೆಣ್ಣು ಈಗ ಕಾವಿಗೆ ಕೂತಿದೆ. ಹೊರಗೆ ಮೇಯಲು ಬರುವುದೇ ಅಪರೂಪ. ಅದಕ್ಕೆ ಗೂಡಿನೊಳಗೇ ಪಾತ್ರೆ ಇಡಲಾ?

ಹಸಿರುಬೇಲಿ

ಗೂಡೊಳಗೆ ಬೇಡ. ಇರುವೆ, ಇಲಿ ಬರುತ್ತವೆ. ಒದ್ದೆ ಆಹಾರ ಚೆಲ್ಲಿ ಮೊಟ್ಟೆ ಕೊಳಕಾಗುತ್ತದೆ. ಗೂಡಿನಿಂದ ಹತ್ತು ಹೆಜ್ಜೆ ದೂರದಲ್ಲಿ ಇಡಿ, ಪಕ್ಕದಲ್ಲೇ ಮೀಯುವಷ್ಟು ನೀರು ಇರಲಿ. ಸಾಮಾನ್ಯವಾಗಿ ದಿನಕ್ಕೊಮ್ಮೆ ಎದ್ದು ಬರುತ್ತದೆ. ಗರಿ ಉಬ್ಬಿಸಿಕೊಂಡು ಓಡೋಡಿ ಬಂದು, ಒಂದು ದೊಡ್ಡ ಗಬ್ಬು ಹಿಕ್ಕೆ ಹಾಕಿ, ಗಬಗಬ ತಿಂದು, ಮಿಂದು, ಒದ್ದೆ ಮೈಯಲ್ಲೇ ವಾಪಸ್ ಹೋಗುತ್ತದೆ. ಹುಳು ಹುಡುಕಲು ಆಗ ಅದಕ್ಕೆ ಪುರುಸೊತ್ತಿಲ್ಲ. ಹಾಗಾಗಿ ಆ ಪಾತ್ರೆಯಲ್ಲಿ ಪೂರ್ಣ ಆಹಾರದ ಜೊತೆ ಒಂದಿಷ್ಟು ಗೋಧಿಯೋ ಮೆಕ್ಕೆಜೋಳವೋ ಇರಲಿ, ಮೈಯ ಶಕ್ತಿ ಉಳಿಯುತ್ತದೆ. ಬೇರೆ ಬಾತುಗಳು ಅದನ್ನು ಮುಗಿಸದ ಹಾಗೆ ನೋಡಿಕೊಳ್ಳಿ, ಮುಖ್ಯವಾಗಿ ಗಂಡು.

ಮಸ್ಕೊವಿ ಮೊಟ್ಟೆ ಒಡೆಯಲು ಸುಮಾರು 35 ದಿನ ಬೇಕು, ಬೇರೆ ಬಾತುಗಳಿಗಿಂತ ಒಂದು ವಾರ ಜಾಸ್ತಿ. ಅಷ್ಟರಲ್ಲಿ ಮೈ ಇಳಿಯುವುದು ಸಹಜ. ಎರಡು ದಿನ ಎದ್ದೇ ಬರದಿದ್ದರೆ ಮಾತ್ರ ಮೆಲ್ಲಗೆ ಎತ್ತಿ ಪಾತ್ರೆ ಮುಂದೆ ಬಿಡಿ. ಎತ್ತುವಾಗ ರೆಕ್ಕೆ ಕೆಳಗೆ ಮೊಟ್ಟೆ ಸಿಕ್ಕಿಕೊಂಡಿದೆಯಾ ಅಂತ ಕೈಯಾಡಿಸಿ ನೋಡಿಕೊಳ್ಳಿ.